ನೊರೆ ಮೊದಲು, ಕೈ ಆಮೇಲೆ

ಕಾರು ತೊಳೆಯುವ ಮುಂಚೆ ಮೈಗೆಲ್ಲ ನೊರೆ ಹೊದಿಸಿ ನೆನೆಸಿಡುವುದು ಈಚೆಗೆ ಮನೆಮನೆಗೂ ಬಂದಿದೆ. ಇದರ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ ಈ ಸಲ ಒಟ್ಟಿಗೆ ಉತ್ತರಿಸಿದ್ದೇವೆ. ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಆದರೆ ಊರಿಂದೂರಿಗೆ ಮಣ್ಣು ಬೇರೆ, ನೀರು ಬೇರೆ. ಹಾಗಾಗಿ ಉತ್ತರವೂ ಬೇರೆ.

ಹೊಸ ಕಾರು ತಗೊಂಡು ಆರು ತಿಂಗಳಾಯಿತು. ಮನೆಯಲ್ಲಿ ರಭಸವಾಗಿ ನೀರು ಹೊಡೆಯುವ ಮಷಿನ್, ಪ್ರೆಶರ್ ವಾಷರ್ ಇದೆ, ಅದರ ಮೂತಿಗೆ ಸಿಕ್ಕಿಸಿ ನೊರೆ ಹೊಡೆಯುವ, ಶಾಂಪೂ ಬಾಟಲಿ ಇರುವ ಫೋಮ್ ಗನ್ ಒಂದನ್ನು ತರಬೇಕೆಂದಿದ್ದೇನೆ. 'ಅದೆಲ್ಲ ವಿಡಿಯೊದಲ್ಲಿ ನೋಡೋಕೆ ಚೆಂದ, ಕೊನೆಗೆ ಕೈಯಲ್ಲಿ ಉಜ್ಜಲೇಬೇಕಲ್ಲ' ಅಂತಾನೆ ತಮ್ಮ. ದುಡ್ಡು ದಂಡವೇ? — ಮೈಸೂರು

ತಮ್ಮ ಹೇಳಿದ್ದರಲ್ಲಿ ಅರ್ಧ ಸರಿ. ಎಂಥ ನೊರೆ ಹಾಕಿದರೂ ಕೊನೆಗೆ ಕೈಯಲ್ಲಿ ಉಜ್ಜಲೇಬೇಕು. ಆದರೆ ಕೈ ಇಡುವ ಹೊತ್ತಿಗೆ ಕಾರಿನ ಮೈಮೇಲೆ ಎಷ್ಟು ಮರಳು ಉಳಿದಿದೆ ಅನ್ನುವುದನ್ನು ಅವರು ಲೆಕ್ಕಕ್ಕೆ ತಗೊಂಡಿಲ್ಲ.

ಬಣ್ಣದ ಮೇಲೆ ಕೊನೆಯ ಪದರವಾಗಿ ಕ್ಲಿಯರ್ ಕೋಟ್ ಇರುತ್ತದೆ. ಕಾರ್ಖಾನೆಯಿಂದ ಬಂದ ಕಾರಿನಲ್ಲಿ ಅದರ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಹೊಳಪೆಲ್ಲ ಅದರದ್ದೇ. ರಸ್ತೆಯ ಧೂಳಿನಲ್ಲಿ ಬೆಣಚುಕಲ್ಲಿನ ಪುಡಿ ಧಾರಾಳವಾಗಿರುತ್ತದೆ. ಗಡಸುತನದ ಮೋಸ್ ಅಳತೆಯಲ್ಲಿ ಬೆಣಚುಕಲ್ಲು 7, ಕಿಟಕಿಯ ಗಾಜು ಸುಮಾರು ಐದೂವರೆ. ಗಾಜನ್ನೇ ಗೀಚುವ ಪುಡಿ ಕ್ಲಿಯರ್ ಕೋಟನ್ನು ಬಿಟ್ಟೀತೇ? ಧೂಳು ಸುಮ್ಮನೆ ಕೂತಿದ್ದರೆ ಏನೂ ಆಗದು. ಬಟ್ಟೆಯ ಅಡಿ ಸಿಕ್ಕಿ, ಅದರ ಮೇಲೆ ಕೈಯ ಭಾರ ಬಿದ್ದು, ಗೋಲಗೋಲ ತಿರುಗಿದಾಗ ಕೂದಲೆಳೆಯಂಥ ಗೀರು ಏಳುತ್ತದೆ. ಬಿಸಿಲಲ್ಲಿ ಬಾನೆಟ್ ಮೇಲೆ ಸೂರ್ಯನ ಬಿಂಬದ ಸುತ್ತ ಜೇಡರ ಬಲೆ ಕಾಣುತ್ತದಲ್ಲ, ಅದೇ ಇದು. ಕಪ್ಪು ಕಾರಿನಲ್ಲಿ ಎದ್ದು ಕಾಣುತ್ತದೆ. ಬಿಳಿ ಕಾರಿನಲ್ಲೂ ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ ಅಷ್ಟೇ.

ಹಾಗಿದ್ದರೆ ಬರೀ ನೀರು ಹೊಡೆದು ಮರಳು ತೆಗೆಯಬಾರದೇ? ಸಡಿಲವಾಗಿರುವುದು ಹೋಗುತ್ತದೆ. ಆದರೆ ಹೊಸ ಕಾರಿನ ಮೇಲೆ ನೀರು ಕೆಸುವಿನೆಲೆಯ ಮೇಲಿನ ಹನಿಯ ಹಾಗೆ ಗುಂಡಗಾಗಿ ಉರುಳುತ್ತದೆ, ಕಣದ ಅಡಿಗೆ ಇಳಿಯುವುದಿಲ್ಲ. ಶಾಂಪೂ ಸೇರಿದ ನೀರು ಹರಡಿಕೊಂಡು ಕಣಕ್ಕೂ ಬಣ್ಣಕ್ಕೂ ನಡುವೆ ನುಸುಳಿ, ಅದರ ಹಿಡಿತ ಬಿಡಿಸುತ್ತದೆ. ಇದಕ್ಕೆ ಕೆಲವು ನಿಮಿಷ ಬೇಕು. ನಿಂತ ಬಾಗಿಲಿನ ಮೇಲೆ ತೆಳು ದ್ರಾವಣವನ್ನು ಅಷ್ಟು ಹೊತ್ತು ಹಿಡಿದಿಡುವುದೇ ನೊರೆಯ ಕೆಲಸ. ನೊರೆಯಲ್ಲಿ ಮುಕ್ಕಾಲಿಗಿಂತ ಹೆಚ್ಚು ಬರೀ ಗಾಳಿ. ತೊಳೆಯುವುದು ಗುಳ್ಳೆಗಳ ನಡುವಿನ ನೀರು.

ಅದರಿಂದ ಆಗದ್ದೂ ಒಂದಿದೆ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನಿನ ಮೇಲೆ ಅಂಟುವ ಜಿಡ್ಡಿನ ಹಾಗೆ, ಡೀಸೆಲ್ ಹೊಗೆ, ಟೈರಿನ ಪುಡಿ, ಎಣ್ಣೆಯಂಶ ಸೇರಿ ಕಾರಿನ ಮೇಲೆ ಬೂದು ಪೊರೆ ಕಟ್ಟುತ್ತದೆ. ಅದು ಕೈ ಮುಟ್ಟದೆ ಹೋಗುವುದಿಲ್ಲ.

ನಂಬಿಕೆ ಬರದಿದ್ದರೆ ಕಾರಿನ ಹಿಂದಿನ ಗಾಜಿನ ಮೇಲೆ ನೋಡಿ. ಬಾನೆಟ್ ಮೇಲೆ ಈ ಪರೀಕ್ಷೆ ಬೇಡ. ಗಾಜಿನ ನಡುವೆ ಮೇಲಿಂದ ಕೆಳಕ್ಕೆ ಕಾಗದದ ಟೇಪ್ ಅಂಟಿಸಿ. ಎಡಭಾಗಕ್ಕೆ ನೀರು ಮಾತ್ರ. ಬಲಭಾಗಕ್ಕೆ ನೊರೆ ಹಾಕಿ, ನಾಲ್ಕು ನಿಮಿಷ ಬಿಟ್ಟು, ಅಷ್ಟೇ ನೀರು ಹೊಡೆಯಿರಿ. ಆಮೇಲೆ ಎರಡು ಬಿಳಿ ಒದ್ದೆ ಬಟ್ಟೆ ತಗೊಂಡು, ಒತ್ತದೆ, ಒಂದೊಂದು ಕಡೆ ಒಂದೇ ಸಲ ಎಳೆಯಿರಿ. ಎಡದ ಬಟ್ಟೆಯ ಮೇಲೆ ಕಂದು ಬಣ್ಣದ ಗೀಟು ಬೀಳುತ್ತದೆ, ಬೆರಳಲ್ಲಿ ತಿಕ್ಕಿದರೆ ರವೆಯ ಹಾಗೆ ತರಿತರಿ. ಬಲದ ಬಟ್ಟೆಯೂ ಕೊಳೆಯಾಗುತ್ತದೆ, ಆದರೆ ಬೂದಿ ಸವರಿದ ಹಾಗೆ ನುಣ್ಣಗಿರುತ್ತದೆ. ತರಿ ಹೋಗಿದೆ, ಪೊರೆ ಉಳಿದಿದೆ. ನೊರೆಯಿಂದ ಆಗುವುದೂ ಆಗದಿರುವುದೂ ಆ ಎರಡು ಬಟ್ಟೆಯಲ್ಲೇ ಕಾಣುತ್ತದೆ.

ಮಷಿನ್ ಹೇಗೂ ಇದೆಯಲ್ಲ, ಗನ್ ತನ್ನಿ. ಆದರೆ ಉದ್ದ ಎಳೆಯ ಮೈಕ್ರೋಫೈಬರ್ ಕೈಗವಸು ಮತ್ತು ಅದನ್ನು ಜಾಲಿಸಲು ಎರಡನೇ ಬಕೆಟ್ ಇನ್ನೂ ತಂದಿಲ್ಲವಾದರೆ ಮೊದಲ ದುಡ್ಡು ಅವಕ್ಕೆ. ಒಂದೇ ಬಕೆಟ್ಟಿನಲ್ಲಿ ಅದ್ದಿ ಅದ್ದಿ ಉಜ್ಜುವವರಿಗೆ ನೊರೆಯ ಲಾಭ ಎರಡನೇ ಬಾಗಿಲು ಮುಟ್ಟುವಷ್ಟರಲ್ಲೇ ಮುಗಿದಿರುತ್ತದೆ.

ಗನ್ ತಂದದ್ದಾಯಿತು. ಎಲ್ಲರದ್ದೂ ಮಂಜಿನ ಹಾಗೆ ನಿಲ್ಲುತ್ತದೆ, ನನ್ನದು ನೀರುಮಜ್ಜಿಗೆಯ ಹಾಗೆ ಹರಿದು ಹೋಗುತ್ತದೆ. ಎಷ್ಟು ಶಾಂಪೂ ಹಾಕಬೇಕು, ಎಷ್ಟು ಹೊತ್ತು ಬಿಡಬೇಕು? — ದಾವಣಗೆರೆ

ಶಾಂಪೂ ಹೆಚ್ಚಿಸುವ ಮುಂಚೆ ಗನ್ನಿನೊಳಗೆ ನೋಡಿ. ನೀರು ಒಳಬರುವ ಕಡೆ ಸೂಜಿ ತೂತಿನ ಹಿತ್ತಾಳೆ ತುಂಡು ಇರುತ್ತದೆ. ಮಾರುಕಟ್ಟೆಯ ಬಹಳಷ್ಟು ಗನ್ನುಗಳಲ್ಲಿ ಆ ತೂತು 1.25 ಮಿ.ಮೀ. ನಿಮಿಷಕ್ಕೆ ಆರೇಳು ಲೀಟರ್ ಎತ್ತುವ ಮನೆಬಳಕೆಯ ಮಷಿನ್ನಿಗೆ ಅದು ದೊಡ್ಡದಾಯಿತು. 1.1 ಮಿ.ಮೀ. ತುಂಡು ಬಿಡಿಯಾಗಿ ಸಿಗುತ್ತದೆ, ಹಾಕಿಸಿ. ಅದರ ಮುಂದೆ ಸ್ಟೀಲಿನ ಎಳೆಗಳನ್ನು ಒತ್ತಿ ಮಾಡಿದ ಬಿಲ್ಲೆಯಂಥ ಜಾಲರಿ ಇದೆ. ನೀರಿನ ಜೊತೆ ಗಾಳಿ ಬೆರೆತು ನೊರೆಯಾಗುವುದು ಅಲ್ಲೇ. ಬೋರ್‌ವೆಲ್ ನೀರಿನ ಸುಣ್ಣ, ಒಣಗಿದ ಶಾಂಪೂ ಸೇರಿ ಅದು ಕಟ್ಟಿಕೊಂಡರೆ ನೊರೆ ದಿನದಿಂದ ದಿನಕ್ಕೆ ತೆಳುವಾಗುತ್ತ ಹೋಗುತ್ತದೆ. ರಾತ್ರಿ ವಿನೆಗರ್‌ನಲ್ಲಿ ನೆನೆಹಾಕಿ ತೊಳೆದು ಹಾಕಿ. ಪ್ರತಿ ಸಲ ಕೆಲಸ ಮುಗಿದ ಮೇಲೆ ಬಾಟಲಿಗೆ ಬರೀ ನೀರು ತುಂಬಿ ಅರ್ಧ ನಿಮಿಷ ಬಿಟ್ಟರೆ ಈ ತಾಪತ್ರಯವೇ ಇರದು.

ಇನ್ನು ಅಳತೆ. ಶಾಂಪೂ ಡಬ್ಬಿಯ ಮೇಲಿನ 1:10 ಸಾಮಾನ್ಯವಾಗಿ ಬಾಟಲಿಯೊಳಗಿನ ಲೆಕ್ಕ. ಕಾರಿನ ಮೇಲೆ ಬೀಳುವಾಗ ಎಷ್ಟು ತೆಳುವಾಗಿರುತ್ತದೆ ಎಂಬುದು ನಿಮ್ಮ ಮಷಿನ್ ಮೇಲೆ ನಿಂತಿದೆ. ಒಮ್ಮೆ ಅಳೆದಿಟ್ಟುಕೊಳ್ಳಿ. ಬಾಟಲಿಗೆ ಒಂದು ಲೀಟರ್ ಬರೀ ನೀರು ಹಾಕಿ, ಮೇಲಿನ ತಿರುಗಣೆಯನ್ನು ಎಂದಿನ ಗುರುತಿಗೆ ಇಟ್ಟು, ಬಾಟಲಿ ಖಾಲಿಯಾಗುವವರೆಗೆ ಬಕೆಟ್ಟಿಗೆ ಹೊಡೆಯಿರಿ. ಬಕೆಟ್ಟಿನಲ್ಲಿ ಹತ್ತು ಲೀಟರ್ ಸೇರಿತು ಅನ್ನೋಣ. ಕಾರಿನ ಮೇಲೆ ಶೇಕಡಾ 1ರ ದ್ರಾವಣ ಬೇಕಿದ್ದರೆ ಬಾಟಲಿಗೆ 100 ಮಿ.ಲೀ. ಶಾಂಪೂ, 900 ಮಿ.ಲೀ. ನೀರು. ಶೇಕಡಾ 2 ಬೇಕಿದ್ದರೆ 200 ಮಿ.ಲೀ. ಸಾಮಾನ್ಯ ಧೂಳಿಗೆ ಒಂದು, ಹೆದ್ದಾರಿಯಲ್ಲಿ ಓಡಾಡಿ ಬಂದ ಕಾರಿಗೆ ಎರಡು. ಅದಕ್ಕಿಂತ ಹೆಚ್ಚು ಸುರಿದರೆ ಲಾಭ ಅಂಗಡಿಯವರಿಗೆ. ಮೊದಲು ನೀರು, ಮೇಲೆ ಶಾಂಪೂ ಹಾಕಿ. ತಿರುಗುಮುರುಗಾದರೆ ಬಾಟಲಿಯಲ್ಲೇ ನೊರೆ ಎದ್ದು ಉಕ್ಕುತ್ತದೆ.

ಹಾಕುವಾಗ ಕಾರು ನೆರಳಲ್ಲಿರಲಿ, ಬಾನೆಟ್ ಮುಟ್ಟಿದರೆ ತಣ್ಣಗಿರಲಿ. ಬರೀ ಧೂಳಿದ್ದರೆ ಒಣ ಕಾರಿನ ಮೇಲೆಯೇ ನೊರೆ ಹಾಕಿ. ಮೊದಲೇ ನೀರು ಹೊಡೆದರೆ ದ್ರಾವಣ ತೆಳುವಾಗಿ ಬೇಗ ಜಾರುತ್ತದೆ. ಕೆಸರಿದ್ದರೆ ಮಾತ್ರ ಮೊದಲು ನೀರು. ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಹೋಗಿ, ಏಕೆಂದರೆ ಬಾಗಿಲಿನ ಕೆಳಭಾಗ, ಬಂಪರ್, ಡಿಕ್ಕಿಯ ಬಾಗಿಲು ಇವೇ ಹೆಚ್ಚು ಕೊಳೆ. ನೆನೆಯಲು ಅವಕ್ಕೆ ಒಂದು ನಿಮಿಷ ಜಾಸ್ತಿ ಸಿಗುತ್ತದೆ. ಆಮೇಲೆ ಮೂರರಿಂದ ಐದು ನಿಮಿಷ ಬಿಡಿ. ಬೇಸಿಗೆಯಲ್ಲಿ ನಿಮ್ಮ ಕಡೆಯ ಒಣಹವೆಗೆ ಮೂರೇ ಸಾಕು. ಅಂಚಲ್ಲಿ ನೊರೆ ಒಣಗಿ ಬಿಳಿ ಗೆರೆ ಬೀಳುವಂತಿದ್ದರೆ ಗಡಿಯಾರ ನೋಡಬೇಡಿ, ತಕ್ಷಣ ನೀರು ಹೊಡೆಯಿರಿ. ಒಣಗಿದ ನೊರೆ ಇಲ್ಲದ ಕಲೆಯನ್ನು ತಂದಿಡುತ್ತದೆ.

ನೊರೆ ಬಿಳಿ ಗೋಡೆಯ ಹಾಗೆ ಅಲ್ಲಾಡದೆ ನಿಂತರೆ ಹಿಗ್ಗಬೇಡಿ. ಅದು ನಿಧಾನವಾಗಿ ಜಾರಬೇಕು, ಜಾರುತ್ತ ಕೆಳ ಅಂಚಿಗೆ ಬರುವಷ್ಟರಲ್ಲಿ ಚಹಾದ ಬಣ್ಣಕ್ಕೆ ತಿರುಗಿರಬೇಕು. ನಿಮ್ಮದು ನೀರುಮಜ್ಜಿಗೆ ಅಂದಿರಿ; ಕೆಳಗೆ ಬೀಳುವ ನೀರು ಕಂದಾಗಿದ್ದರೆ ಮಜ್ಜಿಗೆಯೂ ತಕ್ಕಮಟ್ಟಿಗೆ ಕೆಲಸ ಮಾಡಿದೆ.

ಎಲ್ಲಕ್ಕಿಂತ ದೊಡ್ಡ ತಪ್ಪು ಆಗುವುದು ಇದರ ನಂತರ. ನೊರೆ ಇರುವಾಗಲೇ ಕೈಗವಸು ತಗೊಂಡು ಉಜ್ಜಲು ಶುರುಮಾಡುತ್ತಾರೆ. ಸಡಿಲಗೊಂಡ ಮರಳೆಲ್ಲ ಆ ನೊರೆಯೊಳಗೇ ಇದೆ! ಮೊದಲು ಮೇಲಿನಿಂದ ಕೆಳಕ್ಕೆ, ಬೀಸಣಿಗೆಯಾಕಾರದ ನೀರಿನಲ್ಲಿ, ಒಂದಡಿ ದೂರದಿಂದ ಪೂರ್ತಿ ತೊಳೆದು ಬಿಡಿ. ಆಮೇಲೆ ಹೊಸ ಶಾಂಪೂ ನೀರಿನಲ್ಲಿ ಕೈಗವಸು ಅದ್ದಿ, ಛಾವಣಿಯಿಂದ ಕೆಳಕ್ಕೆ, ನೇರ ಗೆರೆಯಲ್ಲಿ ಒರೆಸಿ. ಒಂದು ಬಾಗಿಲು ಮುಗಿದ ಮೇಲೆ ಬರೀ ನೀರಿನ ಬಕೆಟ್ಟಿನಲ್ಲಿ ಜಾಲಿಸಿ, ಮತ್ತೆ ಶಾಂಪೂ ಬಕೆಟ್ಟಿಗೆ.

ಮಳೆಗಾಲದಲ್ಲಿ ತೋಟದ ರಸ್ತೆಯ ಕೆಂಪು ಕೆಸರು ಕಿಟಕಿಯವರೆಗೆ ಮೆತ್ತಿರುತ್ತದೆ. ಎರಡು ಸಲ ನೊರೆ ಹಾಕಿದರೂ ಜಪ್ಪಯ್ಯ ಅನ್ನುವುದಿಲ್ಲ. — ತೀರ್ಥಹಳ್ಳಿ

ಕೆಸರಿಗೆ ನೊರೆ ಹಾಕಬೇಡಿ, ದಂಡ. ನೊರೆ ಮೇಲ್ಪದರವನ್ನಷ್ಟೇ ಒದ್ದೆ ಮಾಡುತ್ತದೆ, ಒಳಗಿನ ಜೇಡಿಮಣ್ಣು ಒಣಗಿಯೇ ಇರುತ್ತದೆ. ಅಲ್ಲಿ ಬೇಕಾದದ್ದು ಬರೀ ನೀರು ಮತ್ತು ಹೊತ್ತು. ಪೈಪಿನಲ್ಲಿ ಮೆಲ್ಲಗೆ ಇಡೀ ಕಾರು ನೆನೆಸಿ, ಹತ್ತು ನಿಮಿಷ ಬಿಟ್ಟು, ಮತ್ತೊಮ್ಮೆ ನೆನೆಸಿ. ಮಣ್ಣು ಗಾಢ ಬಣ್ಣಕ್ಕೆ ತಿರುಗಿ ಮೆತ್ತಗಾದ ಮೇಲೆ ಮಷಿನ್ ಹಿಡಿಯಿರಿ. ಒಣ ಹೆಂಟೆಗೆ ನೇರ ರಭಸ ಹೊಡೆದರೆ ಅದು ಹೋಳಾಗಿ ಬಣ್ಣದ ಮೇಲೆ ಉಜ್ಜಿಕೊಂಡೇ ಜಾರುತ್ತದೆ.

ಮೊದಲು ಚಕ್ರ, ಮಡ್‌ಗಾರ್ಡ್‌ನ ಒಳಭಾಗ. ಅಲ್ಲಿಂದ ಸಿಡಿಯುವ ರಾಡಿ ಬಾಗಿಲಿಗೆ ಬೀಳುವುದರಿಂದ ಅದನ್ನು ಕೊನೆಗಿಟ್ಟರೆ ತೊಳೆದದ್ದನ್ನೇ ತೊಳೆಯಬೇಕು. ಒಳಗಿನ ಮಡಿಕೆಯಲ್ಲಿ ಕಟ್ಟಿದ ಮಣ್ಣು ತಿಂಗಳುಗಟ್ಟಲೆ ತೇವ ಹಿಡಿದು ತುಕ್ಕು ತರುತ್ತದೆ, ಬೆರಳು ಹಾಕಿ ತೆಗೆಯಿರಿ. ಕೆಸರೆಲ್ಲ ಹೋಗಿ ಕೆಂಪು ಛಾಯೆ ಮಾತ್ರ ಉಳಿದಾಗ ಒಂದೇ ಸುತ್ತು ನೊರೆ. ಆಗ ಅದು ಮಾತು ಕೇಳುತ್ತದೆ.

ಅಪಾರ್ಟ್‌ಮೆಂಟಿನಲ್ಲಿ ಪ್ರೆಶರ್ ವಾಷರ್ ಹಾಕಲು ಬಿಡುವುದಿಲ್ಲ, ನೀರಿನ ನಿರ್ಬಂಧ ಬೇರೆ. ದಿನಾ ಬೆಳಿಗ್ಗೆ ಒಬ್ಬ ಹುಡುಗ ಬಂದು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾನೆ. ನಮಗೆ ಈ ನೊರೆ ಸ್ನಾನ ಸಾಧ್ಯವೇ? — ಬೆಂಗಳೂರು

ನೊರೆ ಇಲ್ಲದೆಯೂ ನೆನೆಸಬಹುದು.

ಮೊದಲು ನೀರಿನ ಮಾತು. ಬೆಂಗಳೂರು ಜಲಮಂಡಳಿ 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸುವುದಾಗಿ ಆದೇಶಿಸಿತ್ತು. 2025ರ ಫೆಬ್ರುವರಿಯಲ್ಲಿ ಮತ್ತೆ ಅದೇ ಆದೇಶ ಬಂತು. ಮಷಿನ್ ಇದ್ದವರ ಲೆಕ್ಕವೂ ಕಡಿಮೆಯೇನಲ್ಲ. ನಿಮಿಷಕ್ಕೆ ಆರು ಲೀಟರಿನಂತೆ ನೊರೆಗೆ ಹತ್ತು, ಅದನ್ನು ತೊಳೆಯಲು ಮೂರು ನಿಮಿಷಕ್ಕೆ ಹದಿನೆಂಟು, ಎರಡು ಬಕೆಟ್ ಸೇರಿ ಮೂವತ್ತು, ಕೊನೆಯ ತೊಳೆತಕ್ಕೆ ಹನ್ನೆರಡು, ಒಟ್ಟು ಎಪ್ಪತ್ತು. ಪೈಪು ಬಿಟ್ಟು ತೊಳೆಯುವವರು ಇದರ ದುಪ್ಪಟ್ಟು ಸುರಿಯುತ್ತಾರೆ ಅನ್ನುವುದು ನಿಜ, ಆದರೂ ಎಪ್ಪತ್ತು ಎಪ್ಪತ್ತೇ.

ನಿಮಗೆ ಹೊಂದುವುದು 'ರಿನ್ಸ್‌ಲೆಸ್' ಎಂದು ಬರೆದ ಶಾಂಪೂ, ಅಂದರೆ ತೊಳೆದ ಮೇಲೆ ನೀರು ಹೊಡೆಯಬೇಕಿಲ್ಲದ್ದು. ಇದು ನೊರೆಯನ್ನೇ ಕೊಡುವುದಿಲ್ಲ. ಇಂಥವುಗಳಲ್ಲಿ ಕೆಲವಕ್ಕೆ ಒಂದು ಪಾಲಿಗೆ 256 ಪಾಲು ನೀರು, ಹತ್ತು ಲೀಟರಿಗೆ ಸುಮಾರು 40 ಮಿ.ಲೀ. ಅದರಲ್ಲೇ ಎರಡು ಲೀಟರ್ ತೆಗೆದು ಗಿಡಕ್ಕೆ ಹೊಡೆಯುವ ಕೈಪಂಪಿನ ಸ್ಪ್ರೇಯರ್‌ಗೆ ಹಾಕಿ. ಹೊಸ ಸ್ಪ್ರೇಯರ್ ಆಗಿರಲಿ, ಔಷಧಿ ಹೊಡೆದದ್ದು ಬೇಡ. ಒಂದೊಂದೇ ಬಾಗಿಲಿಗೆ ನೀರಿಳಿಯುವಷ್ಟು ಸಿಂಪಡಿಸಿ, ಎರಡು ಮೂರು ನಿಮಿಷ ಬಿಟ್ಟು, ಮತ್ತೊಮ್ಮೆ ಸಿಂಪಡಿಸಿ. ಆ ಎರಡನೇ ಸಿಂಪರಣೆ ಹರಿದಿಳಿಯುವಾಗ ಸಡಿಲ ಮಣ್ಣನ್ನು ಒಯ್ಯುತ್ತದೆ. ಆಮೇಲೆ ಬಕೆಟ್ಟಿನಲ್ಲಿ ನೆನೆದ ಮೈಕ್ರೋಫೈಬರ್ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಒಂದು ಮುಖದಲ್ಲಿ ಒಂದೇ ಸಲ ಎಳೆದು, ಮುಖ ಬದಲಿಸಿ. ಎಂಟು ಮುಖ ಮುಗಿದರೆ ಬೇರೆ ಬಟ್ಟೆ. ಕಾರಿಗೆ ಆರು ಬಟ್ಟೆ ಬೇಕು, ನೀರು ಹನ್ನೆರಡು ಲೀಟರ್ ದಾಟುವುದಿಲ್ಲ. ಕೆಸರು ಮೆತ್ತಿದ ದಿನ ಮಾತ್ರ ಈ ದಾರಿ ಬೇಡ.

ಹುಡುಗನ ವಿಷಯ. ಹದಿನೈದು ಕಾರಿಗೆ ಒಂದು ಬಕೆಟ್, ಒಂದು ಬಟ್ಟೆ. ನಿಮ್ಮದು ಹನ್ನೆರಡನೆಯ ಕಾರಾಗಿದ್ದರೆ ಹನ್ನೊಂದು ಕಾರಿನ ಮರಳು ನಿಮ್ಮ ಬಾನೆಟ್ಟಿಗೆ ಬರುತ್ತದೆ. ಜೇಡರ ಬಲೆಗೆ ಇದಕ್ಕಿಂತ ದೊಡ್ಡ ಕಾರಣ ನಗರದಲ್ಲಿ ಬೇರೆ ಇಲ್ಲ. ಅವನ ತಪ್ಪಲ್ಲ, ವ್ಯವಸ್ಥೆಯೇ ಹಾಗಿದೆ. ಸಂಬಳ ಕಡಿಮೆ ಮಾಡದೆ, ದಿನಾ ಒರೆಸುವ ಬದಲು ವಾರಕ್ಕೊಮ್ಮೆ ಮೇಲಿನ ಕ್ರಮದಲ್ಲಿ ಮಾಡಲು ಹೇಳಿ. ಸ್ಪ್ರೇಯರ್, ಬಟ್ಟೆ ನಿಮ್ಮದೇ ಕೊಡಿ. ಉಳಿದ ದಿನ ಗಾಜು ಒರೆಸಿದರೆ ಸಾಕು.

ಬೋರ್‌ವೆಲ್ ನೀರು, ಸೋಪೇ ನೊರೆ ಬರುವುದಿಲ್ಲ. ತೊಳೆದ ಮೇಲೆ ಕಾರಿನ ಮೈಯೆಲ್ಲ ಬಿಳಿ ಚುಕ್ಕಿ. — ಚಿಂತಾಮಣಿ

ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನ, ಅಂದರೆ ನೀರಿನಲ್ಲಿ ಕರಗಿದ ಸುಣ್ಣದಂಥ ಅಂಶ, ಲೀಟರಿಗೆ 200 ಮಿ.ಗ್ರಾಂ ಒಳಗಿರಬೇಕು. ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಗಡಸು ನೀರಿನಲ್ಲಿ ಸ್ನಾನದ ಸೋಪು ಸುಣ್ಣದ ಅಂಶದೊಡನೆ ಸೇರಿ ಗಷ್ಟಾಗುತ್ತದೆ. ಕಾರಿನ ಶಾಂಪೂ ಅಷ್ಟು ಕೆಡದಿದ್ದರೂ ನೊರೆ ಕುಗ್ಗುತ್ತದೆ. ಬಾಟಲಿಯೊಳಗಿನ ಒಂದು ಲೀಟರನ್ನು ಮಾತ್ರ ಮಳೆನೀರಿನಲ್ಲೋ ಫಿಲ್ಟರ್ ನೀರಿನಲ್ಲೋ ಕಲಸಿ ನೋಡಿ. ಸ್ವಲ್ಪ ಸುಧಾರಿಸುತ್ತದೆ, ಪೂರ್ತಿ ಅಲ್ಲ.

ಚುಕ್ಕಿಗೂ ನೊರೆಗೂ ಸಂಬಂಧವಿಲ್ಲ. ಅದು ಹನಿ ಆರಿದ ಜಾಗದಲ್ಲಿ ಉಳಿದ ಸುಣ್ಣ. ಬೆಳಿಗ್ಗೆ ಎಂಟರೊಳಗೆ ತೊಳೆದು, ಕೊನೆಯಲ್ಲಿ ನಳಿಕೆ ತೆಗೆದ ಪೈಪಿನಿಂದ ಮೆಲ್ಲಗೆ ಹರಿಯಬಿಟ್ಟರೆ ನೀರು ಹಾಳೆಯ ಹಾಗೆ ಒಟ್ಟಿಗೆ ಇಳಿದುಹೋಗುತ್ತದೆ. ಉಳಿದದ್ದನ್ನು ದೊಡ್ಡ ಮೈಕ್ರೋಫೈಬರ್ ಟವೆಲ್ ಹಾಸಿ ಹೀರಿಸಿ. ಈಗಾಗಲೇ ಕೂತ ಚುಕ್ಕಿಗೆ ಬಿಳಿ ವಿನೆಗರ್, ಅಷ್ಟೇ ನೀರು, ಒಂದು ನಿಮಿಷ, ಚೆನ್ನಾಗಿ ತೊಳೆತ. ಅದಕ್ಕೂ ಹೋಗದಿದ್ದರೆ ಸುಣ್ಣ ಕ್ಲಿಯರ್ ಕೋಟನ್ನು ತಿಂದಿದೆ, ಪಾಲಿಶ್ ಆಗಬೇಕು.

ಬಟ್ಟೆ ಒಗೆಯುವ ಪುಡಿ, ಪಾತ್ರೆ ತೊಳೆಯುವ ದ್ರವ, ತಲೆಗೆ ಹಾಕುವ ಶಾಂಪೂ, ಅಂಟುವಾಳ — ಇವುಗಳಲ್ಲಿ ಯಾವುದಾದರೂ ನಡೆಯುತ್ತದೆಯೇ? — ಹುಬ್ಬಳ್ಳಿ

ಬಟ್ಟೆ ಪುಡಿ ಬೇಡವೇ ಬೇಡ. ಅದರಲ್ಲಿ ವಾಷಿಂಗ್ ಸೋಡಾ ಇದೆ, ಕ್ಷಾರ ಹೆಚ್ಚು. ಕರಗದೆ ಉಳಿದ ಹರಳು ಬೇರೆ ಗೀಚುತ್ತದೆ. ಪಾತ್ರೆಯ ದ್ರವ ಜಿಡ್ಡಿನ ಜೊತೆ ನೀವು ಹಚ್ಚಿದ ಮೇಣವನ್ನೂ ಒಯ್ಯುತ್ತದೆ. ಮತ್ತೆ ಮೇಣ ಹಚ್ಚುವ ದಿನ ಬೇಕಿದ್ದರೆ ಬಳಸಿ. ತಲೆಶಾಂಪೂ ಅನಾಹುತವೇನೂ ಮಾಡದು, ಕಂಡೀಷನರ್ ಬೆರೆತದ್ದಾದರೆ ಗಾಜಿನ ಮೇಲೆ ಪೊರೆ ಬಿಡುತ್ತದೆ. ಅಂಟುವಾಳದ ನೊರೆ ರೇಷ್ಮೆ ಸೀರೆಗೆ ನಡೆದ ಹಾಗೆ ಧೂಳಿಗೂ ನಡೆಯುತ್ತದೆ. ತೆಳು ಬಟ್ಟೆಯಲ್ಲಿ ಮೂರು ಸಲ ಸೋಸದಿದ್ದರೆ ಸಿಪ್ಪೆಯ ಚೂರು ಗನ್ನಿನ ತೂತಿಗೆ ಸಿಕ್ಕಿಕೊಳ್ಳುತ್ತದೆ, ಮತ್ತು ಹೆದ್ದಾರಿಯ ಜಿಡ್ಡಿಗೆ ಅದು ಸಾಲದು. ಸೀಗೆಪುಡಿಯ ಯೋಚನೆ ಬಂದಿದ್ದರೆ ಕೈಬಿಡಿ.

ಕೊಳ್ಳುವಾಗ ಡಬ್ಬಿಯ ಮೇಲೆ ಪಿಎಚ್ 7ರ ಆಸುಪಾಸು, ಅಂದರೆ ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ್ದು, ಎಂದಿರುವುದನ್ನು ನೋಡಿ. ಲಾರಿ ತೊಳೆಯಲು ಮಾರುವ ಕ್ಷಾರದ ನೊರೆ ಕೊಳೆಯನ್ನು ಜೋರಾಗಿಯೇ ಎತ್ತುತ್ತದೆ, ಜೊತೆಗೆ ಮೇಣವನ್ನೂ ಎತ್ತಿ, ಅಲ್ಯೂಮಿನಿಯಂ ಪಟ್ಟಿಯನ್ನು ಮಂಕು ಮಾಡುತ್ತದೆ.

ಗಣಿ ಲಾರಿಗಳ ಹಿಂದೆ ಓಡಾಡುವ ಕಾರು. ಅದಿರಿನ ಧೂಳಿಗೂ ಇದೇ ಕ್ರಮವೇ? — ಸಂಡೂರು

ಕ್ರಮ ಇದೇ, ನೀರು ಹೆಚ್ಚು. ಕಬ್ಬಿಣದ ಅದಿರು ಅದೇ ಗಾತ್ರದ ಮರಳಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಭಾರ. ಜಾರುವ ನೊರೆಯ ಜೊತೆ ಅದು ಸುಲಭವಾಗಿ ಹೋಗುವುದಿಲ್ಲ. ಬಾನೆಟ್, ಛಾವಣಿಯಂಥ ಮಟ್ಟಸ ಜಾಗದಲ್ಲಿ ಕೂತೇ ಇರುತ್ತದೆ. ಅಲ್ಲಿ ನೊರೆ ತೊಳೆಯುವಾಗ ನೀರನ್ನು ಓರೆಯಾಗಿ ಹಿಡಿದು ಅಂಚಿನತ್ತ ಗುಡಿಸಿದ ಹಾಗೆ ಹೊಡೆಯಿರಿ, ಎರಡು ಸುತ್ತು. ವೈಪರ್ ಅಡಿಯ ಸಂದಿಯಲ್ಲಿ ಗುಡ್ಡೆಯಾದದ್ದನ್ನು ಮೊದಲೇ ತೆಗೆಯಿರಿ. ಹಕ್ಕಿ ಪುಕ್ಕದ್ದೋ ದಾರದ್ದೋ ಡಸ್ಟರ್ ಕಾರಿನಲ್ಲಿದ್ದರೆ ಅದನ್ನು ಮನೆಯ ಕಪಾಟಿಗೆ ಕಳಿಸಿ.

ಸರ್ವಿಸ್ ಸ್ಟೇಷನ್ನಿನಲ್ಲಿ 'ಫೋಮ್ ವಾಷ್' ಅಂತ ಮಾಮೂಲಿಗಿಂತ ಹೆಚ್ಚು ತಗೊಳ್ಳುತ್ತಾರೆ. ಕೊಡಬಹುದೇ? ಸಮುದ್ರದ ಉಪ್ಪುಗಾಳಿಗೆ ಇದು ಒಳ್ಳೆಯದು ಅನ್ನುತ್ತಾರೆ. — ಮಂಗಳೂರು

ದುಡ್ಡು ಕೊಡುವ ಮುಂಚೆ ಪಕ್ಕದ ಕಾರು ತೊಳೆಯುವುದನ್ನು ಐದು ನಿಮಿಷ ನಿಂತು ನೋಡಿ. ನೊರೆ ಹಾಕಿ, ಬಿಟ್ಟು, ನೀರು ಹೊಡೆದು, ಆಮೇಲೆ ಮುಟ್ಟಿದರೆ ಕೊಡಿ. ನೊರೆ ಬಿದ್ದ ಮರುಕ್ಷಣ ಹಳದಿ ಸ್ಪಂಜು ಆಡಿಸಲು ಶುರುವಾದರೆ ಅದು ಬಕೆಟ್ ಶಾಂಪೂವಿನ ತುಟ್ಟಿ ರೂಪ ಮಾತ್ರ. ಚಪ್ಪಟೆ ಸ್ಪಂಜು ಮರಳನ್ನು ಒಳಗೆ ತಗೊಳ್ಳುವುದಿಲ್ಲ, ಬಣ್ಣಕ್ಕೆ ಒತ್ತಿ ಹಿಡಿದು ಎಳೆಯುತ್ತದೆ. ಚಕ್ರ ಉಜ್ಜಿದ ಸ್ಪಂಜೇ ಬಾನೆಟ್ಟಿಗೂ ಬಂತೋ, ಅದನ್ನೂ ನೋಡಿ. ನಿಮ್ಮದೇ ಕೈಗವಸು ಕೊಟ್ಟರೆ ಹೆಚ್ಚಿನವರು ಬೇಸರಪಡುವುದಿಲ್ಲ.

ಉಪ್ಪಿಗೆ ನೊರೆ ಬೇಡ, ಅದು ಬರೀ ನೀರಿಗೇ ಕರಗುತ್ತದೆ. ನೀರು ಹೋಗಬೇಕಾದದ್ದು ಕಣ್ಣಿಗೆ ಕಾಣದ ಕಡೆಗೆ. ಸ್ಟೇಷನ್ನಿಗೆ ಹೋದಾಗ ಲಿಫ್ಟಿಗೆ ಏರಿಸಿ ಅಡಿಭಾಗ ತೊಳೆಸಿ. ಬಾಗಿಲುಗಳ ಕೆಳ ಅಂಚಿನಲ್ಲಿ ನೀರು ಬಸಿಯಲು ಬಿಟ್ಟ ತೂತುಗಳಿರುತ್ತವೆ. ಅವು ಕಟ್ಟಿಕೊಂಡರೆ ಉಪ್ಪುನೀರು ಬಾಗಿಲೊಳಗೇ ನಿಂತು ಒಳಗಿನಿಂದ ತುಕ್ಕು ತಿನ್ನುತ್ತದೆ. ತಿಂಗಳಿಗೊಮ್ಮೆ ಬಾಗಿಲು ತೆಗೆದು ಹಿಡಿಸೂಡಿಯ ಕಡ್ಡಿಯಿಂದ ಒಂದೊಂದನ್ನೂ ಚುಚ್ಚಿ ಬಿಡಿಸಿ. ಕಬ್ಬಿಣದ ತಂತಿ ಬಳಸಿದರೆ ತೂತಿನ ಅಂಚಿನ ಬಣ್ಣ ಕೆತ್ತಿ ಹೋಗಿ ಅಲ್ಲೇ ತುಕ್ಕು ಶುರುವಾದೀತು.